ಹೊನ್ನಯ್ಯನ ಮುನ್ನೂರ ಹದಿನೇಳನೆಯ ಕಲ್ಲು

ಮಧುಕುಮಾರ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು ಬಿ.ಎ. ಪಾಸು ಮಾಡಿದವನು. ಎರಡನೇ ದರ್ಜೆ, ಅದೂ ಗೈಡು ಓದಿ. ಈ ಗುಟ್ಟು ಹೊರಬಿದ್ದದ್ದು ಅವನು ಅರಸೀಕೆರೆಯ ಒಂದು ಕಚೇರಿಯಲ್ಲಿ ದಿನಗೂಲಿ ಗುಮಾಸ್ತನಾಗಿ ಸೇರಿದ ಎಂಟನೇ ದಿನ. ಹಳೆಯ ದೇವಾಲಯಗಳ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಬೇಕಿತ್ತು. ಹಗರೆ ದಾರಿಯ ಯಾವುದೋ ಗುಡಿಯ ಸಾಲಿನಲ್ಲಿ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಡಿಲಾಪಿಡೇಟೆಡ್’ ಎಂದಿತ್ತು. ಹೊಯ್ಸಳರ ಕಾಲದಲ್ಲಿ ಎಂತೆಂಥ ಹೆಸರುಗಳಿದ್ದವೋ ಯಾರು ಕಂಡವರು ಎಂದುಕೊಂಡ ಮಧು, ‘ಶ್ರೀ ಡಿಲಾಪಿಡೇಟೆಡೇಶ್ವರ ಸ್ವಾಮಿ ದೇವಾಲಯ’ ಎಂದು ಟೈಪು ಮಾಡಿ, ನಾಲ್ಕು ಪ್ರತಿ ತೆಗೆದು, ಮೇಲಕ್ಕೆ ಕಳಿಸಿಬಿಟ್ಟ. ‘ಸ್ವಾಮಿ’ ಎಂಬುದು ಅವನ ಸ್ವಂತ ಭಕ್ತಿ.

ಅಧಿಕಾರಿ ಇಂದುಧರ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಹೋಗಿ, ನಿಮ್ಮ ಸ್ವಾಮಿ ದರ್ಶನ ಮಾಡ್ಕೊಂಡ್ ಬನ್ರಿ” ಎಂದ. “ಹಾಗೇ ಅಲ್ಲಿ ಬಿದ್ದಿರೋ ಬಿಡಿ ಕಲ್ಲುಗಳನ್ನ ಎಣಿಸಿ. ವಾಚ್‌ಮನ್ ಹೊನ್ನಯ್ಯನವರು ಈ ಮೇ ಕೊನೆಗೆ ರಿಟೈರು. ರಿಜಿಸ್ಟರಿನಲ್ಲಿ ಮುನ್ನೂರ ಹದಿನಾರು ಅಂತಿದೆ. ಅಷ್ಟು ಸರಿಯಾಗಿ ಇದ್ರೆ ನಾನು ಸಹಿ ಹಾಕ್ತೀನಿ. ಇಲ್ದಿದ್ರೆ ಅವರ ಪೆನ್ಷನ್ ಕಾಗದ ಈ ಟೇಬಲ್ಲಿಂದ ಅಲ್ಲಾಡಲ್ಲ.”

ಮಧುವಿಗೆ ಆ ಪದದ ಅರ್ಥ ಆಗಲೂ ತಿಳಿದಿರಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದೆಂದು ನೇರ ಬಸ್ ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ “ಡಿಲಾಪಿಡೇಟೆಡೇಶ್ವರ ಒಂದು ಕೊಡಿ” ಎಂದ. ಕಂಡಕ್ಟರು ಒಂದು ಕ್ಷಣವೂ ಯೋಚಿಸದೆ, “ಅಲ್ಲಿ ಸ್ಟಾಪಿಲ್ಲ, ಹಗರೇಲಿ ಇಳ್ಕೊಳಿ” ಎಂದು ಟಿಕೆಟು ಹರಿದ.

ಗುಡಿ ಎಂದರೆ ಮೂರು ಕಂಬ, ಮೇಲೆ ಆಕಾಶ. ಮಿಕ್ಕಿದ್ದೆಲ್ಲ ಹುಲ್ಲಿನ ಮೇಲೆ ಸಾಲಾಗಿ ಮಲಗಿತ್ತು: ಸೊಂಡಿಲಿಲ್ಲದ ಆನೆ, ಆನೆಯಿಲ್ಲದ ಸೊಂಡಿಲು, ಅರ್ಧ ಹಂಸ, ಯಾರದೋ ಮೊಣಕಾಲು. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಹಗರೆಯ ಹೊನ್ನಯ್ಯ ಇಪ್ಪತ್ತೆಂಟು ವರ್ಷದಿಂದ ಇವುಗಳ ಕಾವಲಿಗಿದ್ದ. ಬಿದ್ದದ್ದನ್ನು ಬಿದ್ದ ಹಾಗೆಯೇ ನೋಡಿಕೊಳ್ಳುವುದು ಅವನ ಕೆಲಸ. ಬೆಳಿಗ್ಗೆ ಬಂದವನೇ ಕೋಲಿನಿಂದ ತಟ್ಟುತ್ತ ಒಂದರಿಂದ ಹಾಜರಿ ಕೂಗುತ್ತಿದ್ದ. ಮಳೆಗಾಲ ಮುಗಿದ ಮೇಲೆ ಮಾಸಿದ ನಂಬರುಗಳನ್ನು ತಿದ್ದುತ್ತಿದ್ದ. ಮಧು ಒಳಗೆ ಕಾಲಿಟ್ಟಾಗ ಅವನು ಒಂದು ಎಮ್ಮೆಯ ಜೊತೆ ಜಗಳವಾಡುತ್ತಿದ್ದ.

“ಏಯ್, ನೂರಾ ಹನ್ನೆರಡರ ಮ್ಯಾಲೆ ಸಗಣಿ ಹಾಕ್ಬ್ಯಾಡ ಅಂತ ಎಷ್ಟ್ ಸಲ ಏಳ್ಲಿ ನಿಂಗೆ?”

ಮಧು ಬಂದ ಕಾರಣ ಹೇಳಿದ. ಹೊನ್ನಯ್ಯನ ಮುಖ ಗಂಟಿಕ್ಕಿತು.

“ಎಣಿಸೋದ್ ಯಾಕೆ ಸಾ? ನಾನೇ ಏಳ್ತೀನಿ. ಒಂದೂ ಕಳ್ದಿಲ್ಲ. ಇಪ್ಪತ್ತೆಂಟ್ ವರ್ಸಕ್ಕೆ ಒಂದ್ ಕಲ್ಲೂ ಕಳೀದಿರೋ ವಾಚ್‌ಮನ್ನು ನಾನೊಬ್ನೇ. ಸಾಹೇಬ್ರು ಅದ್ನೇ ಬರ್ದು ಕೊಡ್ಲಿ, ಸಾಕು.”

“ಎಣಿಸದೇ ಹೋದ್ರೆ ನನ್ನ ಕೂಲಿ ಕಟ್ ಮಾಡ್ತಾರೆ ಕಣ್ರೀ.”

“ಅಂಗಾರೆ ಎಣಿಸ್ಕೋ” ಎಂದ ಹೊನ್ನಯ್ಯ, ಅವನ ಬಗ್ಗೆ ಕನಿಕರಪಟ್ಟು.

ಮಧು ಎಣಿಸಿದ. ಬೇವಿನ ಮರದ ಬುಡದಲ್ಲಿ ಗೋಣಿತಾಟು ಹೊದ್ದು ಕೂತಿದ್ದ ಕಲ್ಲೂ ಸೇರಿ ಮುನ್ನೂರ ಹದಿನೇಳು ಬಂತು. ಲೆಕ್ಕದಲ್ಲಿ ತಾನು ಇಂಗ್ಲಿಷಿಗಿಂತ ದಡ್ಡ ಎಂದು ಬಲ್ಲವನಾದ್ದರಿಂದ ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದ. ಮುನ್ನೂರ ಹದಿನೇಳೇ. ಹಗರೆಗೆ ನಡೆದು ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನು ಮಾಡಿದ.

“ಒಂದು ಜಾಸ್ತಿ ಇದೆ ಸಾರ್.”

“ಜಾಸ್ತಿ ಹೇಗ್ರೀ ಆಗುತ್ತೆ? ಪಾಳು ಬಿದ್ದಿರೋದು ಕಡಿಮೆ ಆಗ್ಬೇಕು. ಕಡಿಮೆ ಬಂದ್ರೆ ಬರೆಯೋಕೆ ಫಾರಂ ಇದೆ. ಜಾಸ್ತಿಗೆ ಫಾರಂ ಇಲ್ಲ.”

“ಅವನತಿಯಲ್ಲಿ ಪ್ರಗತಿ ಅಂತ ಬರೀಲಾ ಸಾರ್?”

ಆ ಕಡೆಯಿಂದ ಫೋನು ಇಟ್ಟ ಸದ್ದು ಬಂತು. ಪಾಳು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಧುವಿಗೆ ಎಲ್ಲೋ ಅನುಮಾನ ಹುಟ್ಟಿತು. ಸಂಜೆ ಅರಸೀಕೆರೆಗೆ ಬಂದು ಕಚೇರಿಯ ಬೀರುವಿನಿಂದ ದಪ್ಪ ಡಿಕ್ಷನರಿ ಇಳಿಸಿ ಆ ಪದವನ್ನು ಹುಡುಕಿದ. ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ಡಿಲಾಪಿಡೇಟೆಡೇಶ್ವರ ಸ್ವಾಮಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದ.

ಮರುದಿನ ಗೈಡು ಓದಿದವನ ಉತ್ಸಾಹದಿಂದ ಹೊನ್ನಯ್ಯನಿಗೆ ಪಾಠ ಮಾಡಿದ. “ಲ್ಯಾಟಿನ್ ಭಾಷೇಲಿ ಲಾಪಿಸ್ ಅಂದ್ರೆ ಕಲ್ಲು. ಕಲ್ಲನ್ನ ದಿಕ್ಕಾಪಾಲಾಗಿ ಎಸೆಯೋದು, ಅಲ್ಲಿಂದ ಹುಟ್ಟಿದ ಮಾತು ಈ ಡಿಲಾಪಿಡೇಟೆಡ್. ಆಮೇಲೆ ಆಸ್ತಿ ದುಂದು ಮಾಡೋದಕ್ಕೂ ಅದನ್ನೇ ಅಂದ್ರು, ಕಟ್ಟಡ ಪಾಳು ಬೀಳೋದಕ್ಕೂ ಅದನ್ನೇ ಅಂದ್ರು. ಇನ್ನೊಂದರ್ಥಾನೂ ಇದೆ. ಇಂಗ್ಲೆಂಡಲ್ಲಿ ಪಾದ್ರಿ ಚರ್ಚಿನ ಮನೆ ಬಿಟ್ಟು ಹೋಗುವಾಗ, ತನ್ನ ಕಾಲದಲ್ಲಿ ಹಾಳಾಗಿದ್ದನ್ನ ತುಂಬಿಕೊಡಬೇಕಿತ್ತಂತೆ. ಅದಕ್ಕೂ ಇದೇ ಪದದಿಂದ ಹೆಸರು.”

ಹೊನ್ನಯ್ಯ ಬೀಡಿಯನ್ನು ಕಲ್ಲಿಗೆ ತಾಗಿಸದೆ ನೆಲಕ್ಕೆ ಒತ್ತಿ ಆರಿಸಿದ.

“ಪಾಪ, ಆ ಪಾದ್ರೀಗೂ ಮೇ ತಿಂಗ್ಳಲ್ಲೇ ರಿಟೈರಾ?”

ಅಷ್ಟರಲ್ಲಿ ಅವನ ಹೆಂಡತಿ ಸಣ್ಣತಾಯಮ್ಮ ಮುದ್ದೆ ತಂದಳು. ಬುತ್ತಿಯನ್ನು ಕುಕ್ಕಿ, “ನಮ್ಮವ್ವನ ಕಲ್ಲು ಯಾವಾಗ ತತ್ತೀಯ?” ಎಂದಳು. “ಹದಿನಾರ್ ವರ್ಸದಿಂದ ಬಚ್ಚಲಾಗೆ ಬಗ್ಗಿ ಬಟ್ಟೆ ಒಗ್ದು ಒಗ್ದು ಸ್ವಂಟ ಬಿದ್ದೋಯ್ತು.”

“ಬಾಯ್ ಮುಚ್ಚೇ, ಆಪೀಸ್ನೋರು ಅವ್ರೆ.”

“ಇದ್ರೇನಂತೆ, ಅವ್ರೂ ಬಟ್ಟೆ ಉಟ್ಕಂಡೇ ಅವ್ರಲ್ಲ.”

ಅವಳು ಹೋದ ಮೇಲೆ ಹೊನ್ನಯ್ಯ ಬೇವಿನ ಮರದ ಬುಡಕ್ಕೆ ನಡೆದು ಗೋಣಿತಾಟು ಸರಿಸಿದ. ಅಡಿಯಲ್ಲಿ ಅರ್ಧ ತಾವರೆಯ ಕಲ್ಲೊಂದಿತ್ತು. ನಂಬರು 204. ಮಧು ಸಾಲಿನ ಕಡೆ ತಿರುಗಿ ನೋಡಿದ. ಅಲ್ಲಿಯೂ ಒಂದು 204 ಇತ್ತು: ಚಪ್ಪಟೆ, ನಯ, ಒಂದು ಕಡೆಗೆ ಇಳಿಜಾರು.

“ಎಂಬತ್ತಮೂರ್ನೇ ಇಸ್ವೀಲಿ ಈ ತಾವರೆ ಕಳ್ದೋಯ್ತು ಕಣಪ್ಪ. ಕೆಲ್ಸ ಓಯ್ತದೆ ಅಂತ ಎದ್ರಿ ನಮ್ಮತ್ತೆ ಬಟ್ಟೆ ಒಗೆಯೋ ಕಲ್ಲು ತಂದು ನಂಬ್ರ ಬರ್ದೆ. ಮೂರು ವರ್ಸಕ್ಕೆ ಯಾರೋ ಪ್ರೊಫೆಸ್ರು ಬಂದು ಅದ್ರದ್ದೇ ಫೋಟೋ ತಕ್ಕೊಂಡೋದ್ರು. ಆಮ್ಯಾಕೆ ಒಂದಿನ ಬೆಳಿಗ್ಗೆ ಗೇಟ್ ತಾವ ಬಂದು ನೋಡ್ತೀನಿ, ತಾವರೆ ಕುಂತದೆ! ಅರಿಶ್ನ ಕುಂಕುಮ ಹಚ್ಚಿ, ಬಾಳೆಹಣ್ಣು ಮಡಗಿ, ತಕ್ಕೊಂಡೋದೋರೇ ತಂದಿಕ್ಕವ್ರೆ.”

“ಯಾರು ಅಂತ ವಿಚಾರಿಸಲಿಲ್ವಾ?”

“ಬಾಳೆಹಣ್ಣು ತಿಂದೆ. ಇಚಾರಿಸ್ಲಿಲ್ಲ.”

“ಒಗೆಯೋ ಕಲ್ಲನ್ನ ಆವತ್ತೇ ಮನೆಗೆ ಒಯ್ದಿದ್ರೆ?”

“ಅಷ್ಟೊತ್ಗೆ ಪುಸ್ತಕ್ದಲ್ಲಿ ಬಂದ್ಬಿಟ್ಟಿತ್ತಲ್ಲ.”

ಬಂದಿತ್ತು. ಆ ಪುಸ್ತಕ ಕಚೇರಿಯಲ್ಲೂ ಇತ್ತು. ಕೊನೆಗಾಲದ ಹೊಯ್ಸಳ ಶಿಲ್ಪದ ಅವನತಿಗೆ 204ನೇ ಕಲ್ಲು ಉತ್ತಮ ನಿದರ್ಶನವೆಂದೂ, ಅದರ ಇಳಿಜಾರಿನಲ್ಲಿ ಶಿಲ್ಪಿಯ ದಣಿವು ಕಾಣುವುದೆಂದೂ ಪ್ರೊಫೆಸರು ಒಂದೂವರೆ ಪುಟ ಬರೆದಿದ್ದರು. ದಣಿದವರು ಹೊನ್ನಯ್ಯನ ಅತ್ತೆ. ನಲವತ್ತು ವರ್ಷ ಅದರ ಮೇಲೆ ಕಂಬಳಿ, ದುಪ್ಪಟಿ ಕುಕ್ಕಿದ್ದರು. ಈಗ ಒಗೆಯುವ ಕಲ್ಲನ್ನು ತೆಗೆದರೆ ಪುಸ್ತಕದ ಕಲ್ಲು ಎಲ್ಲಿ ಎಂದು ಕೇಳುತ್ತಾರೆ. ತಾವರೆಯನ್ನು ತೆಗೆದರೆ ಅದು ಕಳ್ಳತನ. ಎರಡನ್ನೂ ಬಿಟ್ಟರೆ ಪೆನ್ಷನ್ ಇಲ್ಲ.

ಮಧು ಒಂದು ಉಪಾಯ ಹೂಡಿದ. ತಾವರೆಯ ಮೇಲಿನ ನಂಬರು ಉಜ್ಜಿ ಅಳಿಸುವುದು; ‘ಇತ್ತೀಚಿನ ಮಳೆಗೆ ಮಣ್ಣು ಕೊಚ್ಚಿ ಹೋಗಿ ಹೊಸದಾಗಿ ಪತ್ತೆಯಾದ ಕಲ್ಲು: 1’ ಎಂದು ಬರೆಯುವುದು. ಹೊನ್ನಯ್ಯ ಬಾಯಿ ಬಿಡದಿದ್ದರೆ ಸಾಕು.

“ಸುಳ್ಳಲ್ವಾ?”

“ಕಲ್ಲು ನಿಜಾನೇ ಅಲ್ವಾ? ನೀವು ಸುಮ್ನಿರಿ. ಒಂದು ಕಳೆದಿತ್ತು ಅಂತ ನಿಮ್ಮ ಬಾಯಿಂದ ಬಂದ್ರೆ ಇಪ್ಪತ್ತೆಂಟು ವರ್ಷದ ಹೆಸರು ಏನಾಗ್ಬೇಕು?”

ಹೊನ್ನಯ್ಯ ತಾವರೆಯನ್ನು ಉಜ್ಜಿದ. ಆದರೆ ಮಧುವಿನ ಮುಖ ನೋಡಲಿಲ್ಲ.

ಮೇ ಮೂವತ್ತೊಂದು, ಸೋಮವಾರ. ಇಂದುಧರ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಜೀಪಿನಿಂದ ಇಳಿದ. ಹೊಸ ಕಲ್ಲು ಸಿಕ್ಕಿತೆಂದು ಅವನಿಗೆ ಮೇಲಿನವರಿಂದ ಶಹಬಾಸ್ ಸಿಗುವುದಿತ್ತು, ಬಹಳ ಖುಷಿಯಲ್ಲಿದ್ದ. ಗೇಟಿನಾಚೆ ಸಣ್ಣತಾಯಮ್ಮ ಎತ್ತಿನ ಗಾಡಿಯೊಂದನ್ನು ನಿಲ್ಲಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗಾಡಿ ಯಾಕೆಂದು ಯಾರೂ ಕೇಳಲಿಲ್ಲ. ಕೇಳಬಾರದೆಂದು ಮಧು ಕಂಡ ದೇವರಿಗೆಲ್ಲ ಕೈಮುಗಿದ, ತಾನೇ ನಾಮಕರಣ ಮಾಡಿದ್ದ ದೇವರಿಗೂ.

ಸಾಹೇಬ ತಾವರೆ ನೋಡಿ ತಲೆದೂಗಿದ. ಕಾಗದ ಬಿಡಿಸಿ, ಪೆನ್ನಿನ ಟೋಪಿ ತೆಗೆದ. ನಿಬ್ಬು ಕಾಗದಕ್ಕೆ ತಾಗುವಷ್ಟರಲ್ಲಿ ಅವನ ಕಣ್ಣು ಸಾಲಿನ 204ರ ಮೇಲೆ ಬಿತ್ತು. ಪುಸ್ತಕ ತೆರೆದು ಫೋಟೋ ಹೋಲಿಸಿ, ಇಳಿಜಾರಿನ ಮೇಲೆ ಮೆಲ್ಲಗೆ ಕೈಯಾಡಿಸಿದ.

“ಆಹಾ, ನೋಡ್ರಿ ಮಧು, ಅವನತಿ ಅಂದ್ರೆ ಇದು. ಕೈಗೇ ಸಿಗುತ್ತೆ. ಅಲ್ಲಾ ಹೊನ್ನಯ್ಯ, ಇಷ್ಟು ವರ್ಷ ಕಾದಿದ್ದೀರಿ. ಇದು ಯಾರ ಕಾಲದ್ದು ಅಂತಾದ್ರೂ ಗೊತ್ತೇನ್ರಿ ನಿಮಗೆ?”

ಮಧು ಕಣ್ಣಿನಲ್ಲೇ ಬೇಡವೆಂದ. ಹೊನ್ನಯ್ಯ ಗೇಟಿನ ಕಡೆ ನೋಡಿದ, ಗೋಣಿತಾಟಿಲ್ಲದೆ ಬಿಸಿಲಿಗೆ ಬಿದ್ದಿದ್ದ ತಾವರೆಯನ್ನು ನೋಡಿದ, ಕೋಲನ್ನು ಕಂಬಕ್ಕೆ ಒರಗಿಸಿದ.

“ನಮ್ಮತ್ತೆ ಕಾಲದ್ದು ಸಾ. ಬಟ್ಟೆ ಒಗೀತಿದ್ರು. ನಿಮ್ ಕಲ್ಲು ಆ ತಾವರೆ. ಆರ್ ವರ್ಸ ಕಳ್ದೋಗಿತ್ತು, ತಿರ್ಗ ಬಂತು. ಇದ್ನ ಗಾಡಿಗೆ ಎತ್ತಿದ್ರೆ ಮುನ್ನೂರ ಹದಿನಾರು ಸರಿ ಓಯ್ತದೆ. ಒಂದ್ ಕೈ ಇಡೀರಿ.”