ತುಳಸಮ್ಮನ ಹೊಟ್ಟೆಯೊಳಗಿನ ಎಂಜಲು

ಚಾಮರಾಜಪೇಟೆಯ ತುಳಸಮ್ಮನವರಿಗೆ ಎಂಜಲೆಂದರೆ ಹಾವು ಕಂಡ ಹಾಗೆ. ಅವರ ಮನೆಯಲ್ಲಿ ಯಾರಾದರೂ ಲೋಟ ಕಚ್ಚಿ ನೀರು ಕುಡಿದರೆ ಆ ಲೋಟ ಮತ್ತೆ ಅಡುಗೆಮನೆ ಸೇರುತ್ತಿರಲಿಲ್ಲ. ಯಜಮಾನರು ವೇಣುಗೋಪಾಲ್ ನಲವತ್ತೈದು ವರ್ಷ ಬಿಸಿ ಕಾಫಿಯನ್ನು ಎತ್ತಿ ಸುರಿದುಕೊಂಡೇ ಕುಡಿದು, ಮೂಗು ಸುಟ್ಟುಕೊಂಡು, ಚಕಾರವೆತ್ತದೆ ಸಂಸಾರ ಮಾಡಿದ್ದರು. ಇಂಥ ಹೆಂಗಸಿಗೆ ಡಾಕ್ಟರು ಅಂಥ ಮಾತು ಹೇಳಬಹುದೆ?

ಹೋದ ವರ್ಷ ಅಕ್ಕ ಆಂಡಾಳ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ತುಳಸಮ್ಮನವರಿಗೆ ಒಂದು ಹುಳಿತೇಗು ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ಪರೀಕ್ಷೆ ಮಾಡಿಸಿದ್ದಾಯಿತು.

"ಹೊಟ್ಟೇಲಿ ಪೈಲೋರಿ ಅಂತ ಒಂದು ಬ್ಯಾಕ್ಟೀರಿಯಾ ಇದೆ ಅಮ್ಮಾ," ಎಂದರು ಡಾಕ್ಟರ್ ನಂದೀಶ್. "ತುಂಬಾ ಜನರಿಗೆ ಇರುತ್ತೆ, ಏನೂ ಆಗಲ್ಲ. ಕೆಲವ್ರಿಗೆ ಮಾತ್ರ ವರ್ಷಾನುಗಟ್ಲೆ ಒಳಗೇ ಕೆರಳಿಸಿ ಕ್ಯಾನ್ಸರ್‌ಗೆ ದಾರಿ ಮಾಡುತ್ತೆ. ನಿಮ್ಮಕ್ಕನಿಗೆ ಹಾಗಾಗಿರೋದ್ರಿಂದ ನೀವು ಬಿಡೋ ಹಾಗಿಲ್ಲ. ಹದಿನಾಲ್ಕು ದಿನ ಮಾತ್ರೆ ತಗೊಳ್ಳಿ."

"ಅದು ಹೇಗೆ ಬರುತ್ತೆ?"

"ಸಾಮಾನ್ಯವಾಗಿ ಚಿಕ್ಕವಯಸ್ಸಲ್ಲಿ, ಮನೆಯವರ ಎಂಜಲಿಂದ."

ಕ್ಯಾನ್ಸರ್ ಎಂಬ ಮಾತಿಗೆ ನಡುಗಬೇಕಾದವರು ಎಂಜಲು ಎಂಬ ಮಾತಿಗೆ ನಡುಗಿದರು. ರಿಪೋರ್ಟು ಬೇರೆ ಯಾರದ್ದೋ ಎಂದು ಮೊದಲು ತೀರ್ಪು ಕೊಟ್ಟು, ಮಾತ್ರೆಯ ಪೊಟ್ಟಣವನ್ನು ಬಿಚ್ಚದೆ ಕಿಟಕಿಯಲ್ಲಿಟ್ಟು, ಆಮೇಲೆ ಅದೂ ಸಾಲದೆ ತಮಗೆ ಎಂಜಲು ತಗುಲಿಸಿದ ಕಳ್ಳನನ್ನು ಹುಡುಕಲು ಹೊರಟರು. ಮೊದಲು ಸಿಕ್ಕವಳು ಮನೆಗೆಲಸದ ಮುನಿಯಕ್ಕ.

"ನಂಗೆ ಅಂತ ಲೋಟಾನೇ ಬೇರೆ ಇಟ್ಟಿದೀರಲ್ಲಮ್ಮ," ಎಂದಳು ಅವಳು, ಪೊರಕೆ ಕೆಳಗಿಡದೆ. "ಈಗ ಯಾಕೆ ನನ್ ಹೆಸರು ತರ್ತೀರಾ?"

ತುಳಸಮ್ಮನವರು ಯಜಮಾನರ ಕಡೆ ತಿರುಗಿದರು.

"ಚಿಕ್ಕವಯಸ್ಸಲ್ಲಿ ಅಂದ್ರಲ್ಲ ಡಾಕ್ಟ್ರು," ಎಂದರು ವೇಣುಗೋಪಾಲ್ ಪೇಪರಿನ ಹಿಂದಿನಿಂದಲೇ. "ಆಗ ನಾನೆಲ್ಲಿದ್ದೆ ಕಣೇ?"

ತುಳಸಮ್ಮ ಇದ್ದಲ್ಲೇ ಕೂತುಬಿಟ್ಟರು. ಸ್ಕೂಲಿನಿಂದ ಬರುವಾಗ ಅಕ್ಕ ತಂಗಿಯರಿಗೆ ಸೇರಿ ಒಂದೇ ಕಮ್ಮರಕಟ್ಟು, ಕಲ್ಲಿನಂಥ ಬೆಲ್ಲದ ಮಿಠಾಯಿ. ಅಕ್ಕ ಅದನ್ನು ಲಂಗದ ಅಂಚಿನಲ್ಲಿ ಸುತ್ತಿ ಕಟಕ್ಕನೆ ಕಚ್ಚಿ, "ಕಾಗೆ ಎಂಜಲು, ಪರವಾಗಿಲ್ಲ ತಿನ್ನೇ," ಎಂದು ದೊಡ್ಡ ಚೂರನ್ನೇ ಕೊಡುತ್ತಿದ್ದಳು. ಹಬ್ಬದ ಹೊಸ ಲಂಗ ಅಂಟಾಗುತ್ತದೆಂದು ಎಷ್ಟೋ ಸಲ ಬಟ್ಟೆಯಿಲ್ಲದೆಯೂ ಕಚ್ಚಿದ್ದಳು. ತಂಗಿ ಅದನ್ನೂ ಚಪ್ಪರಿಸಿದ್ದಳು.

ಇಷ್ಟನ್ನೂ ಗಂಡನ ಮುಂದೆ ಒಪ್ಪಿಕೊಂಡು ಅವರು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ವೇಣುಗೋಪಾಲ್ ಎದ್ದು ಹೋಗಿ ಪೊಟ್ಟಣ ಬಿಚ್ಚಿ ತಂದರು. ತುಳಸಮ್ಮ ಬಾಯಿ ಬಿಗಿಹಿಡಿದರು.

"ಬೇಡ ಕಣ್ರೀ. ಅಕ್ಕ ಕೊಟ್ಟಿದ್ದು ಅಂತ ನನ್ನ ಹತ್ರ ಇರೋದು ಈ ಎಂಜಲೊಂದೇ."

ವೇಣುಗೋಪಾಲ್ ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯ ಮೇಲೆ ದನಿಯೆತ್ತಿದರು.

"ಅವ್ರು ಇದನ್ನ ಹೊಟ್ಟೇಲಿ ಇಟ್ಕೊಂಡೇ ಹೋಗಿದ್ದು ತುಳಸೀ. ಗೊತ್ತಿದ್ದಿದ್ರೆ ನಿಂಗೆ ಕೊಡ್ತಿದ್ರಾ?"

ತುಳಸಮ್ಮ ಮಾತ್ರೆಗೆ ಕೈ ಚಾಚಿದರು.