ಹಿಂಬದಿಯ ಎರಡು ಹಾಡು

ನಮ್ಮ ಮನೆತನದಲ್ಲಿ ಯಾರಿಗೂ ಡಿಗ್ರಿ ಆಗುವುದಿಲ್ಲ ಎಂದವರು ದೊಡ್ಡಪ್ಪ. ಮಾನ್ವಿಯಲ್ಲಿ ಅವರದು ಮದುವೆ ಬ್ಯಾಂಡು. ದೇವದುರ್ಗದ ನಮ್ಮ ಮನೆಗೆ ಬಂದಾಗಲೆಲ್ಲ, "ನಮ್ಮ ಮಂದಿಗಿ ಡಿಗ್ರಿ ಒಗ್ಗಂಗಿಲ್ಲವ್ವಾ, ಅಜೀರ್ಣ ಆಗ್ತದ" ಎನ್ನುತ್ತಿದ್ದರು.

ನಾನು ರಾಯಚೂರಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಬಂದೆ. ಇಂಗ್ಲಿಷಿನಲ್ಲೊಂದು ಪ್ರಾಜೆಕ್ಟು ಮಾಡಿ ಹೊರಗಿನ ಪರೀಕ್ಷಕರ ಮುಂದೆ ಮಾತಾಡಬೇಕಿತ್ತು. ಅದರಲ್ಲಿ ಫೇಲಾದರೆ ಡಿಗ್ರಿ ಇಲ್ಲ. ನಾನು ಆರಿಸಿಕೊಂಡದ್ದು ಬ್ರಿಟನ್ನಿನ ಬ್ಯಾಂಡೊಂದರ ಗ್ರಾಮಫೋನ್ ರೆಕಾರ್ಡು: ಮುಂಬದಿಗೆ ಜಗತ್ತೆಲ್ಲ ಕುಣಿದ ಒಂದು ಪಾಪ್ ಹಾಡು, ಹಿಂಬದಿಗೆ ಯಾರೂ ಕೇಳದ ಎರಡು. ಕಾದಂಬರಿ ಹಿಡಿದರೆ ನಿದ್ದೆ ಬರುತ್ತಿತ್ತು, ಹಾಡಿಗೆ ಬರುತ್ತಿರಲಿಲ್ಲ, ಅಷ್ಟೇ ಕಾರಣ.

ಆದರೆ ಯಾರೂ ಕೇಳದ ಆ ಹಾಡುಗಳು ಯಾತಕ್ಕೆ? ಮೂರನ್ನೂ ಮೊಬೈಲಿನಲ್ಲಿ ದೊಡ್ಡಪ್ಪನಿಗೆ ಕೇಳಿಸಿದೆ.

"ಮೊದಲಿಂದು ಮೆರವಣಿಗಿದು. ಇವೆರಡೂ ಮಂದಿ ಉಣ್ಣಾಕ ಕುಂತಾಗ ಬಾರಿಸೋವು. ಯಾರೂ ಕೇಳಂಗಿಲ್ಲ. ಬಾರಿಸ್ಲಿಲ್ಲಂದ್ರ ಮಾತ್ರ, ಬ್ಯಾಂಡಿನವ್ರು ಎಲ್ಲಿ ಸತ್ರಲೇ ಅಂತಾರ."

ಪ್ರಾಜೆಕ್ಟು ಅಲ್ಲೇ ಅರ್ಧ ಮುಗಿಯಿತು. ಖುಷಿಯಲ್ಲಿ, "ಕಾಲೇಜಿಗಿ ಬಂದು ಬಾರಿಸ್ತಿಯೇನು ದೊಡ್ಡಪ್ಪಾ?" ಎಂದುಬಿಟ್ಟೆ.

"ಸಂಗೀತ ಇರುತ್ತದೆ" ಎಂದು ಪ್ರಾಜೆಕ್ಟು ನೋಡಿಕೊಳ್ಳುತ್ತಿದ್ದ ಮೇಡಂಗೆ ಹೇಳಿದ್ದೆ. ಅವರು ಮೊಬೈಲು ಅಂದುಕೊಂಡಿದ್ದರು. ಪರೀಕ್ಷೆಯ ದಿನ ಕೆಂಪು ಕೋಟಿನ ಬ್ಯಾಂಡು ಡೋಲು ಸಮೇತ ಕೋಣೆಯೊಳಗೆ ಬಂದು ಮುಂಬದಿಯ ಹಾಡು ಹಿಡಿದಾಗ ಕಿಟಕಿಯ ಗಾಜುಗಳು ನಡುಗಿದವು. ಪರೀಕ್ಷಕರು ಎದ್ದು, "ಸಾಕು, ಸಾಕು!" ಎಂದು ಎರಡೂ ಕೈ ಎತ್ತಿದರು. ಮೆರವಣಿಗೆಯಲ್ಲಿ ಕೈ ಎತ್ತಿದವರೆಲ್ಲ ಕುಣಿಯುವವರೇ. ದೊಡ್ಡಪ್ಪ ಹುರುಪಿನಿಂದ, "ಸಾಹೇಬ್ರು ಎದ್ದಾರ, ಜೋರ್ ಹೊಡೀರ್ಲೇ!" ಎಂದರು.

ಹಿರಿಯರು ಎಲೆ ಅಡಿಕೆ ಕೊಡುವತನಕ ಬ್ಯಾಂಡು ನಿಲ್ಲಿಸುವ ಪದ್ಧತಿ ಅವರಲ್ಲಿಲ್ಲ. ನಾನು ಗೇಟಿನ ಪಾನ್ ಅಂಗಡಿಗೆ ಓಡಿ ಎಲೆ ಅಡಿಕೆ ತಂದು, ಪರೀಕ್ಷಕರ ಕೈಗಿಟ್ಟು, ಅವರಿಂದ ಕೊಡಿಸಿದೆ. ಡೋಲು ನಿಂತಿತು. ಇಷ್ಟು ದಿನ ಓದಿದ್ದೆಲ್ಲ ಹೋಯಿತು ಅಂದುಕೊಂಡೆ. ಮೇಡಂ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಬ್ಯಾಂಡು ಮೆಲ್ಲಗೆ ಏನೋ ಊದುತ್ತಿತ್ತು. ಪರೀಕ್ಷಕರು ಬಿಸ್ಕತ್ತು ಅದ್ದಿಕೊಂಡು ಮೇಡಂ ಜೊತೆ ಸೆಕೆಯ ಬಗ್ಗೆ ಮಾತಾಡಿದರು. ಕಪ್ಪು ಕೆಳಗಿಟ್ಟು ನನ್ನನ್ನು ಕೇಳಿದರು: "ಎಲ್ಲಮ್ಮಾ, ಹಿಂಬದಿಯ ಹಾಡುಗಳು ಯಾವಾಗ?"

"ಎರಡೂ ಮುಗಿದ್ವು ಸರ್. ನೀವು ಚಹಾ ಕುಡಿಯಾಕತ್ತಿದ್ರಿ."

ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ನನ್ನ ಮುರುಕು ಇಂಗ್ಲಿಷಿಗೆ ಅವರೇ ತಲೆಯಾಡಿಸುತ್ತ ಹೋದರು. ಪಾಸಾದೆ.

ಪ್ರಮಾಣಪತ್ರವನ್ನು ಮಾನ್ವಿಗೆ ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುವಿ ನೋಡಿದರು.

"ಇದರಾಗ ನಿನ್ನ ಫೋಟೋನ ಇಲ್ಲಲ್ಲಬೇ! ಮಂದಿಗಿ ಯಾರ್ದಂತ ಹೆಂಗ ಗೊತ್ತಾಗಬೇಕು? ನಡಿ, ನೀನೂ ಜೋಡಿ ಬಾ. ಓಣ್ಯಾಗ ತೋರಿಸ್ಕೋತ ಹೋಗೋಣು."