ಕಾಂಟೆಸ್ಸಾಗೆ ಹೊಸ ಚಕ್ರ

ಪೆರೇಸಂದ್ರದಲ್ಲಿ ಹೆದ್ದಾರಿಯ ಪಕ್ಕ ಅಮೃತಳ ಟೈರ್ ಅಂಗಡಿ ಇದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅವಳೇ ಹಾಕಿದ ಅಂಗಡಿ. ಹೆಣ್ಣುಮಗಳು ಜಾಕ್ ಹಾಕುವುದನ್ನು ನೋಡಲೆಂದೇ ಮೊದಮೊದಲು ಜನ ನಿಲ್ಲುತ್ತಿದ್ದರು. ಆಮೇಲೆ ಕೆಲಸ ಮೆಚ್ಚಿ ಬರತೊಡಗಿದರು. ಹಳೆಯ ಕಾರುಗಳಿಗೆ ಈಗಿನ ಅಗಲದ ಅಲಾಯ್ ಚಕ್ರ ಕೂರಿಸುವುದರಲ್ಲಿ ಅವಳ ಕೈ ಪಳಗಿತ್ತು. ಅದನ್ನೆಲ್ಲ ಫೋನಿನಲ್ಲಿ ವಿಡಿಯೊ ಹಿಡಿದು ಜಾಲತಾಣಕ್ಕೆ ಹಾಕುತ್ತಿದ್ದಳು. ನೋಡಿದವರು ಚಿಂತಾಮಣಿ, ಶಿಡ್ಲಘಟ್ಟದಿಂದಲೂ ಗಾಡಿ ತರುತ್ತಿದ್ದರು.

ನಗರಗೆರೆಯ ಹರಿಕೃಷ್ಣ ತನ್ನ ತಂದೆಯ ಕಾಲದ ಕಪ್ಪು ಕಾಂಟೆಸ್ಸಾ ಕಾರು ತಂದದ್ದು ತಮ್ಮನ ಮದುವೆಯ ಹಿಂದಿನ ದಿನ. ಓಡಿಸಿಕೊಂಡು ಬಂದವರು ಬಯ್ಯಪ್ಪ. ಮೀಸೆ ಚಿಗುರಿದಾಗಿನಿಂದ ಆ ಮನೆಯ ಡ್ರೈವರು.

"ನಾಳೆ ದಿಬ್ಬಣಕ್ಕೆ ಹೊರಟ್ರೆ ಊರೆಲ್ಲ ತಿರುಗಿ ನೋಡ್ಬೇಕು," ಎಂದು ಹರಿಕೃಷ್ಣ ದೊಡ್ಡ ಚಕ್ರಗಳನ್ನು ಆರಿಸಿದ.

ಮುಂದಿನ ಚಕ್ರ ಕೂರಿಸುವಾಗಲೇ ಅಮೃತಳಿಗೆ ಗೊತ್ತಾಯಿತು. ಅಲಾಯ್ ದಪ್ಪ, ಕಾರಿನ ಹಳೆಯ ಬೋಲ್ಟು ಗಿಡ್ಡ. ನಟ್ಟು ತುದಿಯಲ್ಲಷ್ಟೇ ಕಚ್ಚುತ್ತಿತ್ತು. ಉದ್ದದ ಬೋಲ್ಟು ಬೆಂಗಳೂರಿನಿಂದ ಬರಬೇಕಿತ್ತು.

"ಆಗಲ್ವಾ? ಆಗಲ್ಲ ಅಂದ್ರೆ ಹೇಳು, ಚಿಕ್ಕಬಳ್ಳಾಪುರಕ್ಕೆ ಹೋಗ್ತೀನಿ," ಎಂದ ಹರಿಕೃಷ್ಣ.

ಆಗಲ್ಲ ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ. ನಟ್ಟುಗಳನ್ನು ಬಿಗಿದಳು. ಕಾರಿನ ಮುಂದೆ ನಿಂತು ವಿಡಿಯೊ ಮಾಡಿಕೊಂಡು ಅವರನ್ನು ಕಳಿಸಿಕೊಟ್ಟಳು.

ಮರುದಿನ ನಗರಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಕಾಂಟೆಸ್ಸಾದ ಮುಂದಿನ ಚಕ್ರ ಕಳಚಿತು. ಕಾರು ಹುಣಸೆ ಮರಕ್ಕೆ ಗುದ್ದಿ ನಿಂತಿತು. ಹಿಂದೆ ಕೂತಿದ್ದ ಹರಿಕೃಷ್ಣನ ತಾಯಿ ಕದಿರಮ್ಮನವರ ಕೈ ಮುರಿಯಿತು.

ಸುದ್ದಿ ಕೇಳಿ ಅಮೃತ ಓಡಿದಳು. ಅಲ್ಲಿ ದಿಬ್ಬಣದವರು ಬಯ್ಯಪ್ಪನವರನ್ನು ಸುತ್ತುಗಟ್ಟಿದ್ದರು. ಕುಡಿದಿದ್ದಾನೇನೋ ಎಂದು ಯಾರೋ ಅವರ ಗದ್ದ ಹಿಡಿದು ಬಾಯಿ ಮೂಸಿದರು. ಅವರು ಬಾಯಿ ತೆರೆದುಕೊಂಡೇ ನಿಂತಿದ್ದರು. ಅಮೃತ ಬಗ್ಗಿ ನೋಡಿದಳು. ಬೋಲ್ಟುಗಳ ತುದಿಯಲ್ಲಿ ನಟ್ಟು ಕಚ್ಚುವ ಥ್ರೆಡ್ಡು ಕಿತ್ತುಹೋಗಿತ್ತು.

"ಚಕ್ರದ್ದೇನಾದ್ರೂ ತಪ್ಪೇನಮ್ಮ?" ಹರಿಕೃಷ್ಣ ಕೇಳಿದ.

"ಚಕ್ರ ಸರಿಯಾಗೇ ಇತ್ತು," ಎಂದಳು. "ಗುಂಡಿಗೆ ಜೋರಾಗಿ ಇಳಿಸಿರ್ಬೇಕು."

ಆ ಸಂಜೆಯೇ ಬಯ್ಯಪ್ಪನವರ ಕೆಲಸ ಹೋಯಿತು.

ಅಮೃತ ವಿಡಿಯೊ ಅಳಿಸಿಹಾಕಿದಳು. ಅಂಗಡಿಗೆ ಯಾರಾದರೂ ಬಂದು ಆ ಮಾತೆತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಹೇಳಬೇಕು ಎಂದು ದಿನವೂ ಅಂದುಕೊಳ್ಳುವಳು. ಹೇಳಿದರೆ ಅಂಗಡಿಗೆ ಇನ್ಯಾರು ಬರುತ್ತಾರೆ ಎಂದು ಸುಮ್ಮನಾಗುವಳು.

ಒಂದು ಬೆಳಿಗ್ಗೆ ಬಯ್ಯಪ್ಪ, ಅವರ ಹೆಂಡತಿ ಚಿಕ್ಕವೆಂಕಟಮ್ಮ ಬಸ್ಸಿಗೆ ಕಾಯುತ್ತ ಅವಳ ಅಂಗಡಿಯ ನೆರಳಿಗೇ ಬಂದು ನಿಂತರು.

"ಕಣ್ಣಾಸ್ಪತ್ರೆಗೆ ಹೋಗ್ತಿದೀವಮ್ಮ," ಎಂದರು ಚಿಕ್ಕವೆಂಕಟಮ್ಮ. "ಗುಂಡಿ ಕಾಣ್ಲಿಲ್ಲ, ನಂಗೆ ಕಣ್ಣೇ ಕಾಣ್ಸಲ್ಲ ಅಂತ ಇವ್ರು ಹಟ ಹಿಡ್ದವ್ರೆ ಕಣಮ್ಮ. ಸೈಕಲ್ಲೂ ಮುಟ್ಟಲ್ಲ."

ಬಯ್ಯಪ್ಪ ತಲೆಯೆತ್ತಿ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. "ಕಾಣುತ್ತಲ್ಲಮ್ಮಾ! ಹಂಗಾದ್ರೆ ನಾನು ನಿದ್ದೆನೇ ಮಾಡಿರ್ಬೇಕು. ಹೆಂಗಸರು ಮಕ್ಕಳನ್ನ ಕೂರಿಸ್ಕೊಂಡು ನಿದ್ದೆ ಮಾಡಿಬಿಟ್ನಲ್ಲ."

ಅಮೃತ ನೀರು ಕೊಟ್ಟಳು. ಬಸ್ಸು ಬಂತು, ಅವರು ಹತ್ತಿ ಹೋದರು. ಅವರು ಕುಡಿದು ಇಟ್ಟ ಚೊಂಬನ್ನು ಅಮೃತ ಅಲ್ಲೇ ಬಿಟ್ಟಳು. ಶಟರ್ ಎಳೆದು ಸ್ಕೂಟರ್ ಹತ್ತಿದಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವರಿಬ್ಬರೂ ಬೆಂಚಿನ ಮೇಲೆ ಕೂತಿದ್ದರು.

"ಬಯ್ಯಪ್ಪಣ್ಣ, ನೀವು ನಿದ್ದೆ ಮಾಡಿರ್ಲಿಲ್ಲ. ಬೋಲ್ಟು ಸಾಲ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಾಕ್ದೆ."

ಚಿಕ್ಕವೆಂಕಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು.

"ನಂಗೆ ಹೇಳಿ ಏನು ಬಂತು?" ಎಂದರು ಬಯ್ಯಪ್ಪ. "ನನ್ನ ಬಾಯಿ ಮೂಸಿದ್ರಲ್ಲ, ಅವರ ಮುಂದೆ ಹೇಳು."

ಮುಂದಿನ ಭಾನುವಾರ ನಗರಗೆರೆಯ ಆ ಮನೆಯ ಜಗಲಿಯ ಮುಂದೆ ನಿಂತು ಅಮೃತ ಹೇಳಿದಳು. ಬಯ್ಯಪ್ಪನವರೂ ದಿಬ್ಬಣಕ್ಕೆ ಹೋಗಿದ್ದವರೆಲ್ಲರೂ ಸೇರಿದ್ದರು. ಅವಳ ದನಿ ಮೊದಲು ಯಾರಿಗೂ ಕೇಳಿಸಲಿಲ್ಲ. "ಜೋರಾಗಿ ಹೇಳಮ್ಮ," ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಹರಿಕೃಷ್ಣ ಬಾಯಿಗೆ ಬಂದಂತೆ ಬೈದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಕದಿರಮ್ಮನವರು ಅವಳ ಕಡೆ ನೋಡಲಿಲ್ಲ. ಬಯ್ಯಪ್ಪನವರ ಕಡೆ ತಿರುಗಿ, "ತಪ್ಪಾಯ್ತಪ್ಪ, ನಾಳೆಯಿಂದ ಬಾ," ಎಂದರು.

"ಬೇಡಮ್ಮ," ಎಂದು ಬಯ್ಯಪ್ಪ ಚಪ್ಪಲಿ ಮೆಟ್ಟಿಕೊಂಡು ನಡೆದರು.

ಈಗ ಅವರು ಒಂದು ಶಾಲೆಯ ವ್ಯಾನು ಓಡಿಸುತ್ತಾರೆ. ಅಮೃತಳ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಹೊಂದದ ಚಕ್ರ ತಂದವರಿಗೆ ಅವಳು ಆಗಲ್ಲ ಎಂದೇ ಹೇಳುತ್ತಾಳೆ. ದಾರಿಯಲ್ಲಿ ವ್ಯಾನು ಹಾದುಹೋಗುವಾಗ ಬಯ್ಯಪ್ಪ ರಸ್ತೆಯನ್ನೇ ನೋಡುತ್ತಿರುತ್ತಾರೆ. ಟೈರಿಗೆ ಗಾಳಿ ತುಂಬಿಸುವುದಕ್ಕೂ ಅವಳ ಅಂಗಡಿಯ ಮುಂದೆ ನಿಲ್ಲಿಸುವುದಿಲ್ಲ. ಅವಳೂ ಕರೆದಿಲ್ಲ.